ಶೇಷ ಸೊನ್ನೆ

ಕ್ಲಾರ್ಕ್ ಕನ್ನಡಕ ಹಣೆಗೇರಿಸಿ ಮತ್ತೊಮ್ಮೆ ಓದಿದ:
ಭೌತ, ರಸಾಯನ, ಜೀವ, ಇಂಗ್ಲಿಷ್.
"ಗಣಿತ?" ಅಂದೆ.
"ಹಲ್ಲಿನ ಡಾಕ್ಟರಿಗೆ ಗಣಿತ ಯಾಕವಾ? ಬ್ಯಾಡ."
ಇನ್ನೊಮ್ಮೆ ಕೇಳಿದೆ. ಬ್ಯಾಡ.
ಸಾಲಿನಲ್ಲಿ ಹಿಂದಿದ್ದವರು ಗೊಣಗಿದರೂ ಮೂರನೇ ಸಲ ಕೇಳಿದೆ.
ಇಂಥ ಮಾತನ್ನು ಯಾರಾದರೂ
ಒಂದೇ ಸಲಕ್ಕೆ ಕೇಳಿಸಿಕೊಂಡು ಹೋಗ್ತಾರೇನು?

ಹತ್ತನೇತ್ತೆ ಗಣಿತದಲ್ಲಿ ನನಗೆ ಮೂವತ್ತೈದು.
ಅಪ್ಪ ರೈಲ್ವೆ ವರ್ಕ್‌ಶಾಪಿನ ಟರ್ನರ್,
ಆ ಸಂಜೆ ಗದಗ ರೋಡಿನಿಂದ ಮಿರ್ಚಿ ಕಟ್ಟಿಸಿಕೊಂಡು ಬಂದು
"ಕೂದಲೆಳಿ ಉಳಿದ್ರೂ ಫಿಟ್ ಅಂದ್ರ ಫಿಟ್" ಅಂದ.
ಪಿಯುಸಿಯಲ್ಲಿ ಗಣಿತದ ಮಣೆ ಎತ್ತಿ
ಗೃಹವಿಜ್ಞಾನಕ್ಕೆ ಹಾಕಿದೆ.

ಅದು ಹೋಗಿರಲಿಲ್ಲ.
ಭೌತಶಾಸ್ತ್ರದ ಹಿತ್ತಲ ಬಾಗಿಲಿಂದ ಬಂದು
ಅಡಿಗೆಮನೆಯಲ್ಲೇ ಕೂತಿತ್ತು:
ಇಳಿಜಾರಿನಲ್ಲಿ ಜಾರುವ ಪೆಟ್ಟಿಗೆ, ಅರ್ಧಾಯುಷ್ಯ, ಲಾಗ್,
ಸೈನ್, ಕಾಸ್.
ನೀಟ್ ಬರೆದೆ. ಭೌತದಲ್ಲಿ ನೂರಾ ಎಂಬತ್ತಕ್ಕೆ ಇಪ್ಪತ್ತೊಂದು.
ಸರಿಗೆ ನಾಲ್ಕು ಕೂಡಿಸಿ, ತಪ್ಪಿಗೊಂದು ಕಳೆದು
ಆ ಇಪ್ಪತ್ತೊಂದನ್ನು ಕಾಣುವುದಕ್ಕೂ
ತಮ್ಮನನ್ನೇ ಕರೆದಿದ್ದೆ.

ಹುಯಿಲಗೋಳ ಮೇಡಂ ನಿವೃತ್ತರಾಗಿ ಕೇಶ್ವಾಪುರದಲ್ಲಿದ್ದರು.
ಮೂವತ್ತೈದು ಕೊಟ್ಟದ್ದು ಬೋರ್ಡು, ಅವರಲ್ಲ.
ಆದರೂ ನನ್ನ ಹೆದರಿಕೆಯೆಲ್ಲ
ಅವರ ಹೆಸರಿನ ಖಾತೆಯಲ್ಲೇ ಜಮಾ.
ಬಾಗಿಲು ತೆರೆದರು. ಬಾಯಿ ತೆರೆದರು.
ಮುಂದಿನ ಹಲ್ಲು ಒಂದೂ ಇರಲಿಲ್ಲ.
"ಫೈನ್ ಫೀಟಾ" ಅಂತ ಶುರು ಮಾಡಿದರು.
ನಗು ಗಂಟಲ ತನಕ ಬಂತು, ನುಂಗಿದೆ.
"ನಗು, ನದಾಫ ಶಂಶಾದ, ರೋಲ್ ನಂಬರ್ ನಲವತ್ತೊಂದು.
ಮೂರು ವರ್ಷ ನನ್ನ ಕ್ಲಾಸಿನ್ಯಾಗ
ನೀ ನಕ್ಕಿದ್ದು ನಾ ನೋಡಿಲ್ಲ."
(ಅವರ ಮಾತಿಗೆ ನಾನಿಲ್ಲಿ
ಹಲ್ಲು ಕಟ್ಟಿ ಬರೆದಿದ್ದೇನೆ.)

ಕಟ್ಟಿಸಿದ ಹಲ್ಲು ಸ್ಟೀಲಿನ ವಾಟಗದಲ್ಲಿ
ನೀರು ಕುಡಿಯುತ್ತ ಕೂತಿತ್ತು.
ವಸಡಿಗೆ ಒತ್ತತೈತಿ, ಹಾಕೂದಿಲ್ಲ, ಅಂದರು.
ಆಮೇಲೆ ದೀಪದ ಕಡೆ ಮುಖ ಎತ್ತಿ:
"ಡಾಕ್ಟರಾಗಾಕಿ ಅಲ್ಲ ನೀ? ಎಣಿಸು."
ಮೊಬೈಲಿನ ಬೆಳಕು ಹಿಡಿದು ಎಣಿಸಿದೆ,
ಎಡಕ್ಕೆ ಮೂರು, ಬಲಕ್ಕೆ ಎರಡು.
"ಮೂವತ್ತೆರಡರಾಗ ಐದು. ಶೇಕಡಾ?"

ಗ್ಯಾಸ್ ಬಿಲ್ಲಿನ ಬೆನ್ನ ಮೇಲೆ ಗೆರೆ ಎಳೆದೆ.
ಐನೂರನ್ನು ಮೂವತ್ತೆರಡರಿಂದ. ಹದಿನೈದು. ಉಳಿದದ್ದು ಇಪ್ಪತ್ತು.
ಚುಕ್ಕೆ. ಆರು. ಉಳಿದದ್ದು ಎಂಟು.
ಎರಡು. ಉಳಿದದ್ದು ಹದಿನಾರು.
ಅಂಗೈ ಬೆವೆತಿತ್ತು, ಈಗ ಶುರುವಾಗುತ್ತದೆ
ಮುಗಿಯದ ಆ ಬಾಲ ಅಂದುಕೊಂಡೆ.
ಐದು.
ಉಳಿದದ್ದು ಏನೂ ಇಲ್ಲ.

ಗೆರೆಯ ಕೆಳಗೆ ಸೊನ್ನೆ
ಆಗಷ್ಟೇ ಹುಟ್ಟಿದ ಕೂಸಿನ ಬಾಯಿಯ ಹಾಗೆ.

"ಮೂವತ್ತೆರಡು ಅಂದ್ರ
ಒಂದನ್ನ ಐದು ಸಲ ಇಮ್ಮಡಿ ಮಾಡಿದ್ದು," ಅಂದರು ಮೇಡಂ,
"ಅದರಿಂದ ಏನ ಭಾಗಿಸು, ಎಲ್ಲೋ ಒಂದು ಕಡೆ ನಿಂತ ನಿಲ್ಲತೈತಿ.
ಇಂಥಾ ಸಂಖ್ಯೆ ನಿಮ್ಮ ಬಾಯಾಗ ಇಟ್ಕೊಂಡು
ಗಣಿತ ಬ್ಯಾಡ ಅಂತೀರಿ."

ದಿನಾ ಸಂಜೆ ಹೋಗತೊಡಗಿದೆ.
ಅಪ್ಪ ಡಬ್ಬಿಯಲ್ಲಿ ರೊಟ್ಟಿಯ ಪಕ್ಕ
ತನ್ನ ಹಳೆಯ ವರ್ನಿಯರ್ ಸುತ್ತಿ ತಂದುಕೊಟ್ಟ,
ಎಣ್ಣೆಯ ವಾಸನೆ ಇನ್ನೂ ಇತ್ತು.
ಮುಖ್ಯ ಅಳತೆ, ಆಮೇಲೆ ಜಾರುವ ಅಳತೆ,
ಎರಡೂ ಗೆರೆ ಒಂದಾಗುವಲ್ಲಿ ಉಸಿರು ಹಿಡಿ.
ಜೋಳದ ಕಾಳು ಅಳೆದೆ. ಪೆನ್ನಿನ ತುದಿ ಅಳೆದೆ.
ಮಲಗಿದ್ದ ತಮ್ಮನ ಮುಂಬಲ್ಲು ಅಳೆಯ ಹೋಗಿ
ಬೈಸಿಕೊಂಡೆ.

ಈ ವರ್ಷದ ಪರೀಕ್ಷೆ ಇನ್ನೂ ಮುಂದಿದೆ.
ಲಾಗ್ ಪೂರಾ ಬಗ್ಗಿಲ್ಲ,
ಇಳಿಜಾರಿನ ಪೆಟ್ಟಿಗೆ ಕೆಲವು ಸಲ
ನನ್ನ ಕಾಲ ಮೇಲೇ ಬೀಳುತ್ತದೆ.

ನಿನ್ನೆ ರಾತ್ರಿ ಮೇಡಂ ಫೋನು:
"ಎಡಕ್ಕಿಂದು ಇನ್ನೊಂದು ಬಿತ್ತು, ಈಗೆಷ್ಟು?"
ಕೈಯಲ್ಲಿ ಕಾಗದವಿರಲಿಲ್ಲ,
ರೊಟ್ಟಿ ಹಿಟ್ಟು ಮೆತ್ತಿತ್ತು.
"ಹನ್ನೆರಡೂವರೆ" ಅಂದೆ.

ಆ ಕಡೆ ಒಂದು ಗಳಿಗೆ ಮೌನ.
ಆಮೇಲೆ,
"ಫರಿ."